ಸೌಟು ಹಿಡಿದ ಅಕ್ಕ

ಮೂಡುಬಿದಿರೆ ಬಳಿಯ ನಮ್ಮ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಊಟ ಬಡಿಸುತ್ತಿದ್ದ ಅಕ್ಕ ಎಲ್ಲರಿಗೂ “ಸಾಕಾ ಮಗಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಇನ್ನೊಂದು ಸೌಟು ಸಾರು ಸುರಿಯುತ್ತಿದ್ದರು. ಅಲ್ಲಿನ ಸಾವಿರಾರು ಮಂದಿಯಲ್ಲಿ ನನಗೊಬ್ಬ ಗೆಳೆಯನೂ ಇರಲಿಲ್ಲ. ಅದು ಯಾರಿಗೂ ತಿಳಿಯದಿರಲೆಂದು ಮೊದಲ ತಿಂಗಳಿಡೀ ಫೋನನ್ನು ಕಿವಿಗಿಟ್ಟು, ಇಲ್ಲದ ಗೆಳೆಯರೊಡನೆ ನಗುತ್ತಾ ಉಣ್ಣುತ್ತಿದ್ದೆ.

ಒಂದು ಮಧ್ಯಾಹ್ನ ಹಾಗೆ ಜೋರಾಗಿ ನಗುತ್ತಿರುವಾಗಲೇ ಕಿವಿಯಲ್ಲಿದ್ದ ಫೋನು ರಿಂಗಾಯಿತು. ನಮ್ಮೂರು ಕೊಕ್ಕಡದಿಂದ ಅಮ್ಮ. ಮೇಜಿನವರೆಲ್ಲ ತಿರುಗಿ ನೋಡಿದರು.

ಅಕ್ಕ ಸೌಟು ಹಿಡಿದೇ ಬಂದು, ಮೂಲೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ ಇನ್ನೊಬ್ಬನ ಎದುರು ನನ್ನನ್ನು ಕೂರಿಸಿದರು. “ಇವನದ್ದೂ ನಿನ್ನ ಹಾಗೆಯೇ ಮಾರಾಯ, ಫೋನಿನ ಆಚೆ ಯಾರೂ ಇಲ್ಲ. ಇಬ್ಬರೂ ಇಲ್ಲಿಯೇ ಮಾತಾಡಿ.”

ಅವನು ನಾಚುತ್ತಾ ಫೋನು ಕೆಳಗಿಟ್ಟ. ಅದು ಸ್ವಿಚ್ ಆಫ್ ಆಗಿತ್ತು. ಆ ಉಪಾಯ ನನಗೆ ಹೊಳೆದಿರಲಿಲ್ಲ. ಇಂಥ ಗೆಳೆಯನನ್ನು ಬಿಡಬಾರದೆಂದು ಅಲ್ಲಿಯೇ ನಿರ್ಧರಿಸಿದೆ.