ಅಮ್ಮ ನಕ್ಕಿದ್ದ ಫೋಟೊ

ಅಪ್ಪ ಕ್ಯಾಮೆರಾ ಆರಿಸಿದ್ದು ತೆಂಗಿನಕಾಯಿ ಆರಿಸುವ ಕ್ರಮದಲ್ಲೇ. ತರೀಕೆರೆಯ ಅಂಗಡಿಯಲ್ಲಿ ಒಂದನ್ನು ಕೈಯಲ್ಲಿ ತೂಗಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ‘ಯಾಕೋ ಹಗುರ’ ಎಂದು ಬಿಟ್ಟು ಬಂದರು. ಕೊನೆಗೆ ಕಡೂರಿನಲ್ಲಿ ಒಂದು ಡಿಜಿಟಲ್ ಕ್ಯಾಮೆರಾ ಒಪ್ಪಿಗೆಯಾಯಿತು. ಫೋಟೊ ಉಳಿಯುವುದು ಒಳಗಿನ ಮೆಮೊರಿ ಕಾರ್ಡಿನಲ್ಲಿ, ಇನ್ನೊಂದು ಕಾರ್ಡ್ ಇಟ್ಟುಕೊಳ್ಳಿ, ಆಗಾಗ ಸಿ.ಡಿ.ಗೂ ಹಾಕಿಸಿಕೊಳ್ಳಿ ಎಂದು ಅಂಗಡಿಯವರು ಬಿಡಿಸಿ ಹೇಳಿದರು.

“ಎರಡಿದ್ರೆ ಒಂದು ಕಳ್ದೇ ಹೋಗುತ್ತೆ ಕಣ್ರೀ. ದೊಡ್ಡದು ಒಂದು ಕೊಡಿ, ಸಾಕು,” ಅಂದರು ಅಪ್ಪ. ಅವರಿಗೆ ಎದುರಾಡುವವರು ಅಜ್ಜಂಪುರದ ನಮ್ಮ ಮನೆಯಲ್ಲಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಅಮ್ಮನಿಗೆ ಫೋಟೊ ಎಂದರೆ ಆಗುತ್ತಿರಲಿಲ್ಲ. ಕ್ಯಾಮೆರಾ ಕಂಡ ಕೂಡಲೇ ಮುಖ ಬಿಗಿದುಕೊಳ್ಳುತ್ತಿದ್ದಳು. ಆದರೆ ಕೆಮ್ಮಣ್ಣುಗುಂಡಿಗೆ ಹೋದ ದಿನ ಅಪ್ಪನ ಟೋಪಿ ಗಾಳಿಗೆ ಹಾರಿ ಕಣಿವೆಗೆ ಬಿತ್ತು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ತಟ್ಟನೆ ಫೋಟೊ ತೆಗೆದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿ ಅವಳಿಗೇ ಆಶ್ಚರ್ಯ.

“ಇದೊಂದು ಚೆನ್ನಾಗೈತೆ ಕಣೋ. ನಾನು ಹೋದ್ಮೇಲೆ ಗೋಡೆಗೆ ಇದನ್ನೇ ಹಾಕು.”

ಆಯುಧಪೂಜೆ ಬಂತು. ಕುಡುಗೋಲು, ಸ್ಕೂಟರ್, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಕ್ಯಾಮೆರಾವೂ ಕೂತಿತು. ನಮ್ಮಲ್ಲಿ ಯಂತ್ರಕ್ಕೂ ವಿಭೂತಿಯ ಮೂರು ಗೆರೆ ಎಳೆಯಬೇಕು. ಕ್ಯಾಮೆರಾಕ್ಕೆ ಎಳೆದರೂ ಅಮ್ಮನಿಗೆ ಸಮಾಧಾನವಾಗಲಿಲ್ಲ.

“ಫೋಟೊ ಇರೋದು ಒಳಗಿನ ಬಿಲ್ಲೇಲಿ ಅಲ್ವೇನ್ರೀ? ಅದನ್ನ ತೆಗೀರಿ,” ಅಂದಳು.

ಅಪ್ಪ ಕಾರ್ಡ್ ತೆಗೆದು ಕೊಟ್ಟರು. ಅಮ್ಮ ನೀರಲ್ಲಿ ಕಲಸಿದ ವಿಭೂತಿಯನ್ನು ಅದರ ಎರಡೂ ಬದಿಗೆ ಬಳಿದು, ತೀರ್ಥ ಚಿಮುಕಿಸಿ, ಕಣ್ಣಿಗೊತ್ತಿಕೊಂಡಳು. ಅಪ್ಪ ಅದನ್ನು ಹಸಿಹಸಿಯಾಗಿಯೇ ಒಳಗೆ ತುರುಕಿ ಸ್ವಿಚ್ ಒತ್ತಿದರು. ಓದಿದವನೆಂದು ಬೀಗುವ ನಾನು ಪಕ್ಕದಲ್ಲೇ ಕೈಮುಗಿದು ನಿಂತಿದ್ದೆ.

ಕಾರ್ಡ್ ಮತ್ತೆ ತೆರೆಯಲಿಲ್ಲ. ಕಡೂರಿನಲ್ಲೂ ತರೀಕೆರೆಯಲ್ಲೂ ಅಂಗಡಿಯವರು ಕಂಪ್ಯೂಟರಿಗೆ ಹಾಕಿ ನೋಡಿ, ಫೋಟೊ ಸಿಗುವುದಿಲ್ಲ ಎಂದು ತಲೆಯಲ್ಲಾಡಿಸಿದರು. ಕೆಟ್ಟ ಮೇಲೆ ಬುದ್ಧಿ ಬಂತು.

“ಇನ್ನೊಂದ್ಸಲ ಹೋದ್ರಾಯ್ತು ಬಿಡ್ರೀ,” ಎಂದು ಅಮ್ಮನೇ ಅಪ್ಪನನ್ನು ಸಮಾಧಾನ ಮಾಡಿದಳು. ಹೋಗಲಾಗಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ಅವಳೇ ಇರಲಿಲ್ಲ.

ಗೋಡೆಯ ಮೇಲೆ ಈಗ ಇರುವುದು ಮತದಾರರ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಬಿಗಿದ ಮುಖ. ಅಮ್ಮ ಹೋದ ಮೇಲೆ ಹುಟ್ಟಿದ ನನ್ನ ಮಗಳು ಮೊನ್ನೆ ಅದನ್ನು ನೋಡಿ ಅಪ್ಪನನ್ನು ಕೇಳಿದಳು, “ತಾತ, ಅಜ್ಜಿಗೆ ಯಾವಾಗ್ಲೂ ಸಿಟ್ಟಾ?”

“ಇಲ್ಲ ಕಣವ್ವ, ಭಾಳ ನಗೋಳು.”

“ಹೆಂಗೆ?”

ತೋರಿಸಲು ಹೋದ ಅಪ್ಪ ಅರ್ಧಕ್ಕೇ ನಿಲ್ಲಿಸಿ, ಎದ್ದು ಹಿತ್ತಿಲಿಗೆ ಹೋದರು.