ದಮ್ಮಡಿ ಸರ್ಬಿನಿಯ ಮಗಳ ಮದುವೆ

ಸಿಂಗಪುರದ ಬೆಡೋಕಿನಲ್ಲಿ, ನಮ್ಮ ಬಹುಮಹಡಿ ಬ್ಲಾಕುಗಳ ಸಾಲಿನಲ್ಲಿ, ದಮ್ಮಡಿ ಸರ್ಬಿನಿಯನ್ನು ಅರಿಯದವರಿಲ್ಲ. ಹೊಟ್ಟೆಪಾಡಿಗೆ ಅವನು ಪ್ರವಾಸಿಗಳ ಬಸ್ಸು ಓಡಿಸುತ್ತಾನೆ. ಆದರೆ ಯಾರಾದರೂ ಕಸುಬು ಕೇಳಿದರೆ ಬಸ್ಸಿನ ಮಾತೇ ಎತ್ತುವುದಿಲ್ಲ. "ಕೊಂಪಾಂಗ್ ಬಾರಿಸ್ತೀನಿ" ಅನ್ನುತ್ತಾನೆ. ಒಂದೇ ಮಗ್ಗುಲಿಗೆ ಆಡಿನ ಚರ್ಮ ಬಿಗಿದ ಆ ದಮ್ಮಡಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಅವನ ತಂಡ ಮುಂದೆ ನಡೆಯದೆ ಇಲ್ಲಿಯ ಯಾವ ಮಲಯ ಮದುಮಗನೂ ಹೆಣ್ಣಿನ ಚಪ್ಪರಕ್ಕೆ ಕಾಲಿಟ್ಟಿಲ್ಲ. ಜಂಬವೇ? ಹೌದು, ಜಂಬವೇ. ಇದ್ದವನಿಗೆ ತಾನೇ ಜಂಬ!

ಬಸ್ಸಿನ ಧ್ವನಿಮುದ್ರಿಕೆ "ಇದು ಚೀನಿಯರ ಬೀದಿ, ಇದು ಭಾರತೀಯರ ಬೀದಿ, ಇದು ಮಲಯರ ಬೀದಿ" ಎಂದು ದಿನವಿಡೀ ಒದರುವುದನ್ನು ಕೇಳಿ ಅವನಿಗೆ ಮೈಯುರಿ. ಒಂದು ಸಂಜೆ ಇಲೋನಾ ಎಂಬ ಹಂಗೇರಿಯ ಪ್ರವಾಸಿ ಇಳಿಯುವಾಗ ಕೇಳಿದಳು: "ಇವರೆಲ್ಲ ಒಟ್ಟಿಗೆ ಇರೋದು ಎಲ್ಲಿ? ಅದನ್ನ ತೋರಿಸ್ಲೇ ಇಲ್ವಲ್ಲ?"

ಸರ್ಬಿನಿ ಹಿಗ್ಗಿಹೋದ. "ಭಾನುವಾರ ನನ್ನ ಮಗಳ ಮದುವೆ, ನಮ್ಮ ಬ್ಲಾಕಿನ ಕೆಳಗಡೇನೇ. ಬಂದ್ಬಿಡಿ, ಎಲ್ಲರೂ ಅಲ್ಲೇ ಸಿಗ್ತಾರೆ" ಎಂದ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಈ ಊರಲ್ಲಿ ಮನೆಯನ್ನು ಸರ್ಕಾರವೇ ಕಟ್ಟಿಕೊಡುವುದರಿಂದ ಸರ್ಬಿನಿಗೆ ಉಳಿದದ್ದು ಮದುವೆಯೊಂದೇ. ಹೆಣ್ಣಿನ ತಂದೆ ಚಪ್ಪರದಲ್ಲಿ ಕಾದು ನಿಲ್ಲಬೇಕಾದವನು. ಆದರೂ "ನಿನ್ನ ದಿನ ನಾನೇ ಬಾರಿಸ್ತೀನಿ" ಎಂದು ಒಬ್ಬಳೇ ಮಗಳು ಹಿದಾಯಾಗೆ ಅವಳ ಚಿಕ್ಕಂದಿನಲ್ಲೇ ಮಾತು ಕೊಟ್ಟಿದ್ದ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಶುಕ್ರವಾರ ಪಕ್ಕದ ಮನೆಯ ತಿಯೋ ಅಜ್ಜಿ ತೀರಿಕೊಂಡಳು. ಚೀನಿಯರು ಶವಪೆಟ್ಟಿಗೆಯನ್ನು ದಿನಗಟ್ಟಲೆ ಇಟ್ಟು ಕಾಯುತ್ತಾರೆ. ಬ್ಲಾಕಿನ ಅಡಿಯಲ್ಲಿ ಕಂಬಗಳ ನಡುವಿನ ಬಯಲು ಎಲ್ಲರದೂ ತಾನೇ? ಈ ತುದಿಗೆ ಮದುವೆಯ ಹಳದಿ ಪರದೆ, ಆ ತುದಿಗೆ ಸಾವಿನ ಬಿಳಿ ಪರದೆ. ದಿಬ್ಬಣದವರು ಕಾರು ನಿಲ್ಲಿಸಿ ಬಿಳಿ ಪರದೆಯ ಮುಂದೆಯೇ ಹಾದು ಬರಬೇಕು.

ಹಾದಿಹೋಕರ ಸಾವಾಗಿದ್ದರೆ ಅಲ್ಲಿ ನಾಲ್ಕು ಹೆಜ್ಜೆ ದಮ್ಮಡಿ ನಿಲ್ಲಿಸಿ ಆಮೇಲೆ ಬಾರಿಸಬಹುದಿತ್ತು. ಆದರೆ ಇದು ತಿಯೋ ಅಜ್ಜಿ. ಸರ್ಬಿನಿ, ಅವನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದಾಗ ಹಿದಾಯಾಳನ್ನು ಸಾಕಿದವಳು. ಹಂದಿ ಬೇಯುವ ಒಲೆ ಮುಸಲ್ಮಾನರ ಮಗುವಿಗೆ ಬೇಡವೆಂದು ಬೇರೆ ಒಲೆ, ಬೇರೆ ಪಾತ್ರೆ ತಂದಿಟ್ಟು, ಮಲಯರ ಅಂಗಡಿಯ ಕೋಳಿಯಲ್ಲೇ ಗಂಜಿ ಮಾಡಿ ಉಣಿಸಿದವಳು. ಅವಳಿಗೆ ಬಾಯಿ ಮಾತ್ರ ಜೋರು.

ಶನಿವಾರ ಸರ್ಬಿನಿ ತಂಡಕ್ಕೆ ಹೇಳಿಬಿಟ್ಟ: "ನಾಳೆ ಒಂದು ಪೆಟ್ಟೂ ಬೀಳಬಾರದು."

ಹೆಂಡತಿ ಮಿಸ್ಕಿಯಾ ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. "ಊರವರ ಮಕ್ಕಳಿಗೆಲ್ಲ ಬಾರಿಸಿದ ಕೈ, ಸ್ವಂತ ಮಗಳ ದಿನ ಕಟ್ಟಿ ಹಾಕ್ಕೊಂಡು ಕೂರುತ್ತಾ? ಬೀಗರು ಏನಂದಾರು?"

"ಅನ್ನಲಿ."

"ಅವಳಿಗೆ ಕೊಟ್ಟ ಮಾತು?"

ಹಿದಾಯಾ ಕೇಳಿಸಿಕೊಂಡು, "ಸರಿ ಅಪ್ಪಾ" ಎಂದಳು.

ಭಾನುವಾರ ಮದುಮಗ ಬಂದಿಳಿದ. ಸರ್ಬಿನಿಯೂ ಅವನ ತಂಡದವರೂ ದಮ್ಮಡಿಗಳನ್ನು ಎದೆಗವಚಿಕೊಂಡು ಮುಂದೆ ನಡೆದರು. ಚಪ್ಪಲಿ ಸದ್ದು ಬಿಟ್ಟರೆ ಮತ್ತೇನಿಲ್ಲ. ಬಿಳಿ ಪರದೆಯ ಕಡೆಯೂ ಗಪ್‌ಚಿಪ್. ಬೆಳಗಿನಿಂದ ಕಿವಿ ಕಿತ್ತುಹೋಗುವಂತೆ ಊದುತ್ತಿದ್ದ ಅವರ ಓಲಗ, ತಾಳ ಎಲ್ಲ ನಿಂತಿದ್ದವು. ಕಟ್ಟಿದಾಗಿನಿಂದ ಆ ಬ್ಲಾಕು ಅಷ್ಟು ಮೌನವಾಗಿದ್ದದ್ದಿಲ್ಲ.

ಗಂಡಿನ ಸೋದರಮಾವ ತಡೆಯಲಾರದೆ ಅಂದೇಬಿಟ್ಟ: "ಏನ್ ಬೀಗರೇ, ನಾವು ಬಂದಿದ್ದು ಮದುವೆಗಾ, ಮಸಣಕ್ಕಾ?"

ಸರ್ಬಿನಿಯ ಮುಖ ಕೆಂಪಾಯಿತು. ಬಾಯಿ ತೆರೆಯುವಷ್ಟರಲ್ಲಿ ಬಿಳಿ ಪರದೆ ಸರಿಸಿಕೊಂಡು ಅಜ್ಜಿಯ ಮಗ ಬೂನ್ ಹುವಾಟ್ ಬಂದ. ಸೂತಕದವರು ಮದುವೆಯ ಕಡೆ ಹೆಜ್ಜೆ ಇಡಬಾರದೆಂದು ತನ್ನ ಚಪ್ಪರದ ಅಂಚಿನಲ್ಲೇ ನಿಂತು ಕೂಗಿದ: "ಅಣ್ಣಾ, ಕೈಗೇನಾಗಿದೆ ನಿಂಗೆ? ಯಾಕೆ ಬಾರಿಸ್ತಿಲ್ಲ?"

"ನಿಮ್ಮಮ್ಮ ಮಲಗಿರುವಾಗ ಹೇಗಪ್ಪಾ ಬಾರಿಸ್ಲಿ?"

"ಅಯ್ಯೋ ನಿನ್ನ! ದಿಬ್ಬಣ ಬರೋ ಹೊತ್ತಿಗೆ ಸರಿಯಾಗಿ ನಮ್ಮೋರ ಓಲಗ ನಿಲ್ಸಿದೀನಿ, ನಿನ್ನ ದಮ್ಮಡಿ ಚೆನ್ನಾಗಿ ಕೇಳ್ಲಿ ಅಂತ! ನೀನೂ ಬಾಯ್ಮುಚ್ಕೊಂಡಿದೀಯಲ್ಲ! ಸಾಕಿದ ಹುಡುಗೀನ ಕಳ್ಳರ ಥರ ಕಳಿಸ್ಕೊಟ್ರಾ ಅಂತ ಅಮ್ಮ ಕನಸಲ್ಲಿ ಬಂದು ನನ್ನ ಜನ್ಮ ಜಾಲಾಡ್ತಾಳೆ!"

ಯಾರೋ ಕಿಸಕ್ಕೆಂದರು. ಆಮೇಲೆ ಎರಡು ಚಪ್ಪರಗಳೂ ನಕ್ಕವು, ಸೂತಕದ ಬಟ್ಟೆಯವರೂ ಸೇರಿ.

ಸಾಲಿನ ಹಿಂದೆ ನಿಂತಿದ್ದ ಇಲೋನಾ ಸರ್ಬಿನಿಯ ಹತ್ತಿರ ಬಂದು ಕೇಳಿದಳು: "ಹೀಗೆ ಮಾಡಿ ಅಂತ ನಿಮ್ಮಿಬ್ಬರಿಗೂ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲಮ್ಮ. ಹೇಳಿದ್ರೆ ಇಂಥ ಎಡವಟ್ಟಾಗ್ತಿತ್ತಾ?" ಎಂದ ಸರ್ಬಿನಿ. ಹಾಗೆನ್ನುವಾಗ ಅವನ ಎದೆ ಒಂದು ಗೇಣು ಉಬ್ಬಿತ್ತು. ಅಂಥ ನೆರೆಯವನಿದ್ದಾಗ ಯಾರ ಎದೆ ಉಬ್ಬುವುದಿಲ್ಲ!

ಅವನು ಬೀಗರ ಕಡೆ ತಿರುಗಿದ. "ಎಲ್ಲರೂ ವಾಪಸ್ ಕಾರಿನ ಹತ್ರ ನಡೀರಿ. ನೀವಿನ್ನೂ ಬಂದೇ ಇಲ್ಲ."

ಬೆವರಿಳಿಸುತ್ತಿದ್ದ ಮದುಮಗ ಮರುಮಾತಿಲ್ಲದೆ ಹಿಂದಕ್ಕೆ ನಡೆದ. ಸೋದರಮಾವನೂ ಗೊಣಗುತ್ತ ಹೋದ. ಈ ಸಲ ದಮ್ಮಡಿಗಳು ಒಟ್ಟಿಗೆ ಎದ್ದವು, ಹದಿಮೂರನೇ ಮಹಡಿಯ ಕಿಟಕಿಗಳೂ ತೆರೆದುಕೊಂಡವು.

ದಿಬ್ಬಣ ಬಿಳಿ ಪರದೆಯ ಎದುರು ಬಂದಾಗ ಸರ್ಬಿನಿ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ. ಗಂಡನ್ನು ಹೆಣ್ಣಿನ ಹಿರಿಯರ ಮುಂದೆ ನಿಲ್ಲಿಸಿ ಒಪ್ಪಿಸುವಾಗ ಬಾರಿಸುವ ಒಂದು ವರಸೆಯಿದೆ. ಅದನ್ನು ಚಪ್ಪರದ ಬಾಗಿಲಲ್ಲಿ ಬಿಟ್ಟು ಬೇರೆಲ್ಲೂ ಬಾರಿಸಿದ್ದಿಲ್ಲ. ಅವನು ಶವಪೆಟ್ಟಿಗೆಯ ಕಡೆ ಮುಖ ಮಾಡಿ ಅದನ್ನೇ ಶುರು ಮಾಡಿದ. ತಂಡದವರು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಅರ್ಥವಾಗಿ ಜೊತೆಗೂಡಿದರು. ಅವನ ಕಣ್ಣಿಂದ ನೀರು ಧಾರಾಕಾರ.

ಮದುಮಗನಿಗೆ ಯಾರೂ ಹೇಳಿಕೊಡಲಿಲ್ಲ. ಅವನು ಎದೆಯ ಮೇಲೆ ಕೈಯಿಟ್ಟು ತಿಯೋ ಅಜ್ಜಿಗೆ ಸಲಾಮು ಮಾಡಿದ.