ಕೊಪ್ಪೆವೀರನಿಗೆ ಈಜು ಬರುತ್ತಿರಲಿಲ್ಲ

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮೊದಲ ಸಲ ನೀರು ನಿಲ್ಲಿಸಿದ ಮಳೆಗಾಲದಲ್ಲಿ ಬ್ಯಾಕೋಡಿನ ಆಚೆಯ ಗದ್ದೆಗಳು ಒಂದೊಂದಾಗಿ ಮುಳುಗಿದವು. ಮನೆ ಬಿಡಲೊಪ್ಪದೆ ಅಟ್ಟ ಹತ್ತಿ ಕೂತಿದ್ದ ಮುದುಕಿ ಕೆರಿಯಮ್ಮನನ್ನು ಗೇಣಿ ರೈತ ಭೂತಪ್ಪ ಬಾಳೆದಿಂಡಿನ ತೆಪ್ಪದ ಮೇಲೆ ಕೂರಿಸಿ, ಬಿದಿರಿನ ಗಳ ಊರುತ್ತ ದಡಕ್ಕೆ ತಂದ. ಮಳೆಗೆಂದು ಅವನು ತಲೆಯ ಮೇಲಿಂದ ಹೊದ್ದಿದ್ದ ಕಂಬಳಿಕೊಪ್ಪೆ ಗಾಳಿಗೆ ಬೆನ್ನ ಹಿಂದೆ ಹಾರಾಡುತ್ತಿತ್ತು.

ಅದನ್ನು ದಡದಲ್ಲಿ ನಿಂತು ನೋಡಿದವನು ಧನ್ಯಕುಮಾರ. ಸಾಗರದ ಪೇಟೆಯಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವನು, ಅಕ್ಕನ ಮನೆಯ ಸಾಮಾನು ಸಾಗಿಸಲು ಬಂದಿದ್ದ. ಊರಿಗೆ ಮರಳಿ ಕಂಡದ್ದನ್ನು ಮರದ ಅಚ್ಚಿನಲ್ಲಿ ಕೆತ್ತಿದ. ಮಂಜುನಾಥಪ್ಪನ ಪ್ರೆಸ್ಸಿನಲ್ಲಿ ಚಿತ್ರಕತೆಯ ಪುಸ್ತಕ ಹೊರಬಂತು. ಅದರ ನಾಯಕ ಕೊಪ್ಪೆವೀರ ಕಂಬಳಿ ಬೀಸಿ ಹಾರುತ್ತಿದ್ದ, ಮೀನಿನಂತೆ ಮುಳುಗಿ ಇಡೀ ಮನೆಗಳನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದ. ಊರು ಕಳೆದುಕೊಂಡ ಮಕ್ಕಳು ಅದನ್ನು ಹಾಳೆ ಹರಿಯುವ ತನಕ ಓದಿದರು. ದೊಡ್ಡವರೂ ಬಿಡಲಿಲ್ಲ; ಕೊಪ್ಪೆವೀರ ಎಂದರೆ ಭೂತಪ್ಪನೇ ಎಂದು ಎಲ್ಲರಿಗೂ ಗೊತ್ತಿತ್ತು.

ಮರುವರ್ಷದ ಮಳೆಯಲ್ಲಿ ಧನ್ಯಕುಮಾರ ಪುಸ್ತಕ ಹಿಡಿದು ಭೂತಪ್ಪನ ಗುಡಿಸಲು ಹುಡುಕಿಕೊಂಡು ಹೋದ. ಓದು ಬಾರದ ಭೂತಪ್ಪ ನೀರಿಗೆ ಧುಮುಕುವ ಚಿತ್ರವನ್ನು ನೋಡಿ, ಇದ್ಯಾರು ಎಂದು ಕೇಳುತ್ತಿರುವಾಗಲೇ ದಡದಿಂದ ಕೂಗು ಬಂತು.

ಹಿನ್ನೀರಿನ ನಡುವೆ, ಮುಳುಗಿದ ಮರವೊಂದರ ತುದಿಗೆ ದೋಣಿ ಸಿಕ್ಕಿಕೊಂಡು ವಾಲಿತ್ತು. ಅದರಲ್ಲಿ ಅದೇ ಊರಿನ ಯಮುನಮ್ಮ, ಅವಳ ಹೆಣ್ಣುಮಕ್ಕಳು, ಒಂದು ಕರು. ದೋಣಿಯವನು ಬೊಗಸೆಯಲ್ಲಿ ನೀರು ಚೆಲ್ಲುತ್ತಿದ್ದ. ಹತ್ತಿರ ಬೇರೆ ದೋಣಿ ಇರಲಿಲ್ಲ.

ಸೇರಿದವರೆಲ್ಲ ಭೂತಪ್ಪನ ಕಡೆಗೇ ತಿರುಗಿದರು. ಊರ ಹಿರಿಯ ಜಟ್ಟಿಂಗಪ್ಪ, "ನೀನೇ ಹೋಗ್ಬೇಕು ಮಾರಾಯ. ನಿನ್ ಕೈಲಿ ಆಗ್ತದೆ" ಎಂದ.

"ನಂಗೆ ಈಜು ಬರಲ್ಲ."

ಯಾರೂ ನಂಬಲಿಲ್ಲ. ಒಬ್ಬಿಬ್ಬರು ನಕ್ಕರು. ಹಿಂದಿನ ವರ್ಷ ಗಳ ನೆಲಕ್ಕೆ ತಾಗುವಷ್ಟೇ ನೀರಿತ್ತೆಂಬುದು ಧನ್ಯಕುಮಾರನಿಗೆ ಮಾತ್ರ ಈಗ ಹೊಳೆಯಿತು.

ದೋಣಿ ಇನ್ನಷ್ಟು ವಾಲಿತು. ಭೂತಪ್ಪ ಬಾವಿಹಗ್ಗ, ಎತ್ತಿನ ಹಗ್ಗ ಎಲ್ಲ ತರಿಸಿ ಗಂಟು ಹಾಕಿಸಿದ. ಒಂದು ತುದಿ ಸೊಂಟಕ್ಕೆ ಕಟ್ಟಿಕೊಂಡ. ಇನ್ನೊಂದನ್ನು ದಡದವರ ಕೈಗೆ ಕೊಟ್ಟು, ಬಿಡಬೇಡಿ ಎಂದಷ್ಟೇ ಹೇಳಿದ. ಬಾಳೆದಿಂಡುಗಳನ್ನು ಅಪ್ಪಿಕೊಂಡು ಕಾಲು ಬಡಿಯುತ್ತ ಹೊರಟ.

ಅರ್ಧ ದಾರಿಯಲ್ಲಿ ದಿಂಡುಗಳ ಕಟ್ಟು ಬಿಚ್ಚಿತು. ತಲೆ ಕಾಣದಾಯಿತು. ಧನ್ಯಕುಮಾರನೂ ಸೇರಿ ಎಲ್ಲರೂ ಹಗ್ಗ ಜಗ್ಗತೊಡಗಿದರು. ಅಷ್ಟರಲ್ಲಿ ಒಂದು ದಿಂಡನ್ನು ತಬ್ಬಿದ ಕೈ ಮೇಲೆ ಬಂತು; ಇನ್ನೊಂದು ಕೈ ಹಗ್ಗ ಸಡಿಲಿಸಿ ಎಂದು ಬೀಸಿತು. ಸಡಿಲಿಸಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ಜಟ್ಟಿಂಗಪ್ಪ ಗದರಿದ ಮೇಲೆ ಹಗ್ಗ ಸಡಿಲಬಿಟ್ಟರು.

ಭೂತಪ್ಪ ಮರದ ತುದಿ ಹಿಡಿದ, ಸೊಂಟದ ಹಗ್ಗ ಬಿಚ್ಚಿ ದೋಣಿಗೆ ಬಿಗಿದ, ತಾನೂ ಅದರ ಅಂಚಿಗೆ ಜೋತುಬಿದ್ದ. ದಡದವರು ಎಳೆದ ಹೊಡೆತಕ್ಕೆ ದೋಣಿ ಮರದಿಂದ ಕಿತ್ತು ಬಂತು. ಜನ ಉಳಿದರು, ಕರು ನೀರುಪಾಲಾಯಿತು. ಯಮುನಮ್ಮ ಮೊದಲು ಕರುವಿಗಾಗಿ ಅತ್ತು ಅವನನ್ನೇ ಬೈದಳು, ಆಮೇಲೆ ಅವನ ಕಾಲು ಹಿಡಿದಳು.

ಭೂತಪ್ಪ ನೀರು ಕಕ್ಕಿ ನಡುಗುತ್ತ ಕೂತಿದ್ದ. ಧನ್ಯಕುಮಾರನನ್ನು ಹತ್ತಿರ ಕರೆದು ಹೇಳಿದ: "ಇನ್ನೊಂದ್ಸಲ ಬರದ್ರೆ, ಈಜು ಬರಲ್ಲ ಅಂತ್ಲೇ ಬರೀರಿ ಸ್ವಾಮಿ. ಇಲ್ದಿದ್ರೆ ಇವ್ರು ನನ್ನ ಕೊಲ್ತಾರೆ."

ಈಜು ಬಾರದ ವೀರನನ್ನು ಯಾರು ಕೊಳ್ಳುತ್ತಾರೆ ಎಂದು ಮಂಜುನಾಥಪ್ಪ ತಕರಾರು ತೆಗೆದ. ಧನ್ಯಕುಮಾರ ಹಟ ಹಿಡಿದು ಹಾಗೆಯೇ ಕೆತ್ತಿದ. ಹಾರುತ್ತಿದ್ದ ಕೊಪ್ಪೆವೀರ ಮರೆಯಾದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೆದರುತ್ತಲೇ ಇಳಿಯುವವನು ಉಳಿದ. ಕಾರ್ಗಲ್ಲಿನ ಅಣೆಕಟ್ಟು ಕೆಲಸಗಾರರ ಕ್ವಾರ್ಟರ್ಸಿನಿಂದ ಕೋಣಂದೂರಿನ ಸಂತೆಯವರೆಗೆ ಮಕ್ಕಳು ಅದೇ ಆಟವಾಡಿದರು. ಅವರ ಜಗಳವೆಲ್ಲ ಹಗ್ಗ ಹಿಡಿಯುವವರು ಯಾರು ಎಂಬುದಕ್ಕೆ.

ಮುಳುಗಡೆಯ ಪರಿಹಾರವಾಗಿ ಭೂತಪ್ಪನಿಗೆ ಹೊಸನಗರದ ಕಡೆ ಜಮೀನು ಸಿಕ್ಕಿತು. ಕೆರೆಯ ಹತ್ತಿರದ ತುಂಡನ್ನು ಬೇಡವೆಂದು ಗುಡ್ಡದ ಮೇಲಿನದನ್ನೇ ಆರಿಸಿಕೊಂಡ. ಹೆಂಡತಿ ರಂಗಮ್ಮ ಅಲ್ಲಿಗೆ ದಿನವೂ ನೀರು ಹೊತ್ತು ಹೊತ್ತು ಅವನನ್ನು ಬೈದಳು.